ಸ್ಲೈಡಿಂಗೋ, ಫೋಲ್ಡಿಂಗೋ? ಮಲೆನಾಡಿನ ಮನೆಯ ಗಾಜಿನ ಗೋಡೆ

ಪ್ರಶ್ನೆ: ಕೊಪ್ಪ ತಾಲ್ಲೂಕಿನಲ್ಲಿ, ನಮ್ಮ ಅಡಿಕೆ ತೋಟದ ಮೇಲ್ಭಾಗದ ದಿಣ್ಣೆಯಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದೇವೆ. ಗೋಡೆ ಲಿಂಟಲ್ ಮಟ್ಟಕ್ಕೆ ಬಂದಿದೆ, ಬೀಮ್ ಇನ್ನೂ ಹಾಕಿಲ್ಲ. ಹಾಲ್‌ನ ಪಶ್ಚಿಮಕ್ಕೆ ಕಣಿವೆ ಕಾಣುವಂತೆ 16 ಅಡಿ ಅಗಲ, 8 ಅಡಿ ಎತ್ತರದ ಜಾಗ ಬಿಟ್ಟಿದ್ದೇವೆ. ಬೆಂಗಳೂರಿನಲ್ಲಿರುವ ಮಗ ಕದಗಳು ಮಡಚಿಕೊಳ್ಳುವ ಫೋಲ್ಡಿಂಗ್ ಗಾಜು ಹಾಕಿಸೋಣ, ಪೂಜೆ ಪುನಸ್ಕಾರಕ್ಕೆ ಪೂರ್ತಿ ತೆರೆದಿಡಬಹುದು ಎನ್ನುತ್ತಾನೆ. ಕೆಲಸ ಮಾಡುವ ಫ್ಯಾಬ್ರಿಕೇಟರ್ ಮಾತ್ರ ಫೋಲ್ಡಿಂಗ್ ನಮ್ಮ ಮಳೆಗೆ ತಡೆಯುವುದಿಲ್ಲ, ಪಕ್ಕಕ್ಕೆ ಜಾರುವ ಸ್ಲೈಡಿಂಗ್ ಆದರೆ ಒಂದು ಹನಿಯೂ ಒಳಗೆ ಬರದು ಎನ್ನುತ್ತಾರೆ. ಸೂರು ಎರಡು ಅಡಿ ಚಾಚಿದೆ. ನನ್ನ ತಾಯಿಗೆ 78 ವರ್ಷ, ವಾಕರ್ ಹಿಡಿದು ನಡೆಯುತ್ತಾರೆ. ಹಾಗಾಗಿ ಹೊಸ್ತಿಲು ಎತ್ತರವಿರಬಾರದು ಎಂದು ಹಟ ಹಿಡಿದಿದ್ದೇನೆ. ಮಂಗಗಳ ಕಾಟ ಬೇರೆ. ಗಾಜು ಒಡೆದರೆ ಏನು ಗತಿ? ಯಾವುದನ್ನು ಆರಿಸಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ತುಂಬ ಸಮಾಧಾನ ಕೊಟ್ಟದ್ದು “ಬೀಮ್ ಇನ್ನೂ ಹಾಕಿಲ್ಲ” ಎಂಬ ಮಾತು. ಈ ಪ್ರಶ್ನೆಯನ್ನು ನನಗೆ ಕೇಳುವವರಲ್ಲಿ ಹೆಚ್ಚಿನವರು ಬಣ್ಣ ಬಳಿದಾದ ಮೇಲೆ ಬರುತ್ತಾರೆ. ಆಗ ನಾನು ಹೇಳಬಹುದಾದದ್ದು ಬಹಳ ಕಡಿಮೆ. ನೀವು ಸರಿಯಾದ ಹೊತ್ತಿಗೆ ಬರೆದಿದ್ದೀರಿ.

ನಿಮ್ಮ ಪ್ರಶ್ನೆಯಲ್ಲಿ ನಿಜವಾಗಿ ಮೂರು ಆತಂಕಗಳಿವೆ. ಮಳೆ ಒಳಗೆ ಬಂದೀತೇ, ಅಮ್ಮ ಎಡವಿಯಾರೇ, ಗಾಜು ಒಡೆದೀತೇ. ಈ ಮೂರರಲ್ಲಿ ಯಾವುದನ್ನೂ ಸ್ಲೈಡಿಂಗ್ ಅಥವಾ ಫೋಲ್ಡಿಂಗ್ ಎಂಬ ಆಯ್ಕೆಯೊಂದೇ ಬಗೆಹರಿಸುವುದಿಲ್ಲ. ಗಾಜಿನ ಮೇಲಿರುವ ಬೀಮ್, ಕೆಳಗಿರುವ ಹೊಸ್ತಿಲು, ಮುಂದಿರುವ ಮಾಡು ಈ ಮೂರೂ ಸರಿಯಿದ್ದರೆ ಎರಡೂ ಬಗೆಯ ಬಾಗಿಲು ಬಾಳುತ್ತವೆ. ಒಂದು ತಪ್ಪಿದರೂ ಎಷ್ಟು ದುಬಾರಿಯ ಬಾಗಿಲು ತಂದರೂ ಮೊದಲ ಪುನರ್ವಸು ಮಳೆಗೇ ಹಾಲ್‌ನಲ್ಲಿ ಗೋಣಿಚೀಲ ಹಾಸಬೇಕಾಗುತ್ತದೆ.

ಮೊದಲು ಫ್ಯಾಬ್ರಿಕೇಟರ್ ಹೇಳಿದ್ದನ್ನು ನೋಡೋಣ. ಸ್ಲೈಡಿಂಗ್ ಸೋರುವುದಿಲ್ಲ, ಫೋಲ್ಡಿಂಗ್ ಸೋರುತ್ತದೆ ಎನ್ನುವುದು ಅರ್ಧ ಸತ್ಯವೂ ಅಲ್ಲ. ಸಾಮಾನ್ಯ ಸ್ಲೈಡಿಂಗ್ ಬಾಗಿಲಿನ ಕದ ಜಾರಬೇಕಾದರೆ ಚೌಕಟ್ಟಿಗೂ ಕದಕ್ಕೂ ನಡುವೆ ಸಂದು ಇರಲೇಬೇಕು. ಆ ಸಂದನ್ನು ಮುಚ್ಚುವುದು ಬ್ರಷ್‌ನಂಥ, ಉಣ್ಣೆಯ ಹಾಗಿರುವ ಪಟ್ಟಿ. ಅದು ಧೂಳನ್ನು ತಡೆಯುತ್ತದೆ, ಜೋರು ಗಾಳಿಯನ್ನೂ ಅದು ತಳ್ಳಿಕೊಂಡು ಬರುವ ನೀರನ್ನೂ ಪೂರ್ತಿ ತಡೆಯುವುದಿಲ್ಲ. ಒಳ್ಳೆಯ ಫೋಲ್ಡಿಂಗ್‌ನಲ್ಲಿ ಕದ ಮುಚ್ಚಿ ಹಿಡಿ ತಿರುಗಿಸಿದಾಗ ರಬ್ಬರ್ ಗ್ಯಾಸ್ಕೆಟ್ ಸುತ್ತಲೂ ಒತ್ತಿಕೊಳ್ಳುತ್ತದೆ, ಕಾರಿನ ಬಾಗಿಲಿನ ಹಾಗೆ. ಆದ್ದರಿಂದ ಮುಚ್ಚಿದ ಸ್ಥಿತಿಯಲ್ಲಿ ಅದು ಸಾಮಾನ್ಯ ಸ್ಲೈಡಿಂಗ್‌ಗಿಂತ ಬಿಗಿ. ಆದರೆ 16 ಅಡಿಗೆ ಆರು ಕದ ಬೇಕು, ಅಂದರೆ ನಡುವೆ ಐದು ಕೂಡುಗೆರೆ. ಒಂದೊಂದು ಗೆರೆಯೂ ನೆಟ್ಟಗೆ ಕೂತಿದ್ದರೆ ಮಾತ್ರ ಆ ಬಿಗಿ. ಒಂದು ಕದ ಎರಡು ಮಿಲಿಮೀಟರ್ ಜೋತು ಬಿದ್ದರೂ ಗ್ಯಾಸ್ಕೆಟ್ ಒಂದು ಕಡೆ ಜಜ್ಜಿ, ಇನ್ನೊಂದು ಕಡೆ ಬಾಯಿ ಬಿಡುತ್ತದೆ. ನಿಮ್ಮ ಫ್ಯಾಬ್ರಿಕೇಟರ್ ಕಂಡಿರುವುದು ಬಹುಶಃ ಅಂಥ ಬಾಗಿಲುಗಳನ್ನೇ. ಸ್ಲೈಡಿಂಗ್‌ನಲ್ಲೂ ಬಿಗಿಯಾದ ಒಂದು ಬಗೆಯಿದೆ. ಹಿಡಿ ತಿರುಗಿಸಿದರೆ ಕದ ತುಸು ಮೇಲೆದ್ದು ಜಾರುತ್ತದೆ, ಮತ್ತೆ ತಿರುಗಿಸಿದರೆ ಕುಳಿತು ಗ್ಯಾಸ್ಕೆಟ್ ಮೇಲೆ ಒತ್ತಿಕೊಳ್ಳುತ್ತದೆ. ‘ಲಿಫ್ಟ್ ಅಂಡ್ ಸ್ಲೈಡ್’ ಎಂದು ಕೇಳಿದರೆ ಅಂಗಡಿಯವರು ತೋರಿಸುತ್ತಾರೆ. ಬೆಲೆ ಹೆಚ್ಚು.

ಕದ ಜೋತು ಬೀಳುವುದಕ್ಕೆ ಹೆಚ್ಚಾಗಿ ಬಾಗಿಲನ್ನೇ ದೂರುತ್ತಾರೆ. ತಪ್ಪು ಅದರ ಮೇಲಿನ ಬೀಮ್‌ನದ್ದಾಗಿರುತ್ತದೆ. ಕೆಲವು ವರ್ಷಗಳ ಹಿಂದೆ ತೀರ್ಥಹಳ್ಳಿ ಕಡೆಯ ಒಂದು ಮನೆಗೆ ಹೋಗಿದ್ದೆ. 18 ಅಡಿ ಅಗಲದ ಫೋಲ್ಡಿಂಗ್ ಬಾಗಿಲು, ಎರಡನೇ ಮಳೆಗಾಲಕ್ಕೆ ನಡುವಿನ ಎರಡು ಕದ ನೆಲ ಕೆರೆಯುತ್ತಿದ್ದವು. ಮನೆಯವರು ಚಕ್ರ ಬದಲಿಸಿದ್ದರು, ಎಣ್ಣೆ ಬಿಟ್ಟಿದ್ದರು, ಕದದ ಅಡಿಯನ್ನು ಉಜ್ಜಿಸಿದ್ದರು. ನಾನು ಬೀಮ್‌ನ ಎರಡು ತುದಿಗಳ ಅಡಿಗೆ 20 ಮಿಲಿಮೀಟರ್ ದಪ್ಪದ ಎರಡು ಮರದ ತುಂಡು ಇಟ್ಟು, ಮೇಸ್ತ್ರಿಯ ದಾರವನ್ನು ಬಿಗಿಯಾಗಿ ಎಳೆದು ಕಟ್ಟಿದೆ. ತುದಿಯಲ್ಲಿ 20 ಇದ್ದ ಸಂದು ನಡುವೆ 9ಕ್ಕೆ ಇಳಿದಿತ್ತು. ಬೀಮ್ 11 ಮಿಲಿಮೀಟರ್ ಬಾಗಿತ್ತು. ಮನೆಯ ಯಜಮಾನರು ದಾರದ ಅಡಿ ಬಗ್ಗಿ ಎರಡು ಬಾರಿ ನೋಡಿದರು. ಆಮೇಲೆ ಬಾಗಿಲಿನ ಸುದ್ದಿ ಎತ್ತಲಿಲ್ಲ.

ಆ ಬೀಮ್ ಕಳಪೆಯೇನೂ ಆಗಿರಲಿಲ್ಲ. ಕಾಂಕ್ರೀಟ್ ಕಟ್ಟಡಗಳ ನಮ್ಮ ಮಾನಕವಾದ ಐಎಸ್ 456ರ ಪ್ರಕಾರ, ಗೋಡೆ ಮತ್ತು ಗಿಲಾವು ಮುಗಿದ ಮೇಲೆ ಬೀಮ್ ತನ್ನ ಉದ್ದದ 350ನೇ ಒಂದು ಭಾಗದವರೆಗೆ ಅಥವಾ 20 ಮಿಲಿಮೀಟರ್‌ವರೆಗೆ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಬಾಗಬಹುದು. ನಿಮ್ಮ 16 ಅಡಿಗೆ ಅದು ಸುಮಾರು 14 ಮಿಲಿಮೀಟರ್. ಮನೆಯ ಭದ್ರತೆಗೆ ಇದರಿಂದ ಯಾವ ಅಪಾಯವೂ ಇಲ್ಲ. ಆದರೆ ಮೇಲಿನ ಹಳಿಯಿಂದ ತೂಗುವ ಫೋಲ್ಡಿಂಗ್ ಬಾಗಿಲು ಸಹಿಸುವುದು ಕೆಲವೇ ಮಿಲಿಮೀಟರ್. ಅಂದರೆ ಎಂಜಿನಿಯರ್ ನಿಯಮ ಮೀರದೆ ಹಾಕಿದ ಬೀಮ್ ಕೂಡ ನಿಮ್ಮ ಬಾಗಿಲನ್ನು ಕಚ್ಚಿ ಹಿಡಿಯಬಲ್ಲದು. ಕಾಂಕ್ರೀಟ್ ಹಾಕಿದ ದಿನವೇ ಬಾಗುವುದು ನಿಲ್ಲುವುದಿಲ್ಲ. ಭಾರದ ಅಡಿಯಲ್ಲಿ ವರ್ಷಗಟ್ಟಲೆ ನಿಧಾನವಾಗಿ ಇಳಿಯುತ್ತಲೇ ಇರುತ್ತದೆ. ಆದ್ದರಿಂದ ಮೇಲೆ ತೂಗುವ ಫೋಲ್ಡಿಂಗ್ ಹಾಕುವುದೇ ಆದರೆ “ಗಾಜಿನ ಬಾಗಿಲು ತೂಗುತ್ತದೆ, ಬೀಮ್ ಐದು ಮಿಲಿಮೀಟರ್‌ಗಿಂತ ಹೆಚ್ಚು ಬಾಗಬಾರದು” ಎಂದು ಎಂಜಿನಿಯರಿಗೆ ಈಗಲೇ ಹೇಳಿ. ಅವರು ಬೀಮ್‌ನ ಮೇಲಿಂದ ಕೆಳಗಿನ ಅಳತೆಯನ್ನು ಹೆಚ್ಚಿಸುತ್ತಾರೆ. ಸ್ಲೈಡಿಂಗ್‌ನ ಭಾರ ಸಾಮಾನ್ಯವಾಗಿ ಕೆಳಗಿನ ಚಕ್ರಗಳ ಮೇಲೆ, ಅಂದರೆ ನೆಲದ ಮೇಲೆ ಬೀಳುತ್ತದೆ. ಹಾಗಾಗಿ ಅದು ಬೀಮ್‌ನ ತಪ್ಪನ್ನು ಹೆಚ್ಚು ಕ್ಷಮಿಸುತ್ತದೆ. ಮೇಲೆ ಬಿಟ್ಟ ಸಂದನ್ನೂ ಮೀರಿ ಬೀಮ್ ಇಳಿದರೆ ಅದೂ ಸಿಕ್ಕಿಕೊಳ್ಳುತ್ತದೆ, ನಿಜ.

ಇನ್ನು ಹೊಸ್ತಿಲು. ನಮ್ಮ ಹಳೆಯ ಮನೆಗಳಲ್ಲಿ ಹೊಸ್ತಿಲಿಗೆ ಅರಿಸಿನ ಕುಂಕುಮ ಹಚ್ಚಿ ಪೂಜೆ ಮಾಡುತ್ತಾರೆ. ಆ ಎತ್ತರದ ಮರದ ತೊಲೆ ನೀರನ್ನೂ ಹುಳಹುಪ್ಪಟೆಯನ್ನೂ ಹೊರಗೆ ನಿಲ್ಲಿಸುವ ಕೆಲಸವನ್ನೂ ಮಾಡುತ್ತಿತ್ತು. ಗಾಜಿನ ಬಾಗಿಲಿನ ಕೆಳ ಹಳಿಯ ಒಳ ಅಂಚು ಮಾಡಬೇಕಾದದ್ದೂ ಅದನ್ನೇ.

ಲೆಕ್ಕ ಬಹಳ ಸರಳ. ಗಾಳಿ ಗಾಜನ್ನು ಒತ್ತುವ ಬಲ ಅದರ ವೇಗದ ವರ್ಗದಂತೆ ಏರುತ್ತದೆ. ಗಂಟೆಗೆ 65 ಕಿಲೋಮೀಟರ್ ವೇಗದ ಗಾಳಿ ಸುಮಾರು 20 ಮಿಲಿಮೀಟರ್ ಎತ್ತರದ ನೀರನ್ನು ಎತ್ತಿ ಹಿಡಿಯಬಲ್ಲದು. 100 ಕಿಲೋಮೀಟರ್ ಆದರೆ 47 ಮಿಲಿಮೀಟರ್. ಹಳಿಯಲ್ಲಿ ನಿಂತ ನೀರನ್ನು ಗಾಳಿ ಹೊರಗಿನಿಂದ ತಳ್ಳುತ್ತಿರುವಾಗ ಒಳ ಅಂಚು ಅದಕ್ಕಿಂತ ಎತ್ತರವಿದ್ದರೆ ನೀರು ಅಲ್ಲೇ ನಿಂತು, ಗಾಳಿ ಇಳಿದಾಗ ಹೊರಗೆ ಹರಿದುಹೋಗುತ್ತದೆ. ಅಂಚು ತಗ್ಗಿದ್ದರೆ ಒಳಗೆ ಉಕ್ಕುತ್ತದೆ. ಗಾಳಿಯ ಭಾರದ ಮಾನಕ ಐಎಸ್ 875 ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್ ಮೂಲ ವೇಗ ಕೊಟ್ಟಿದೆ. ಅದು ಅಪರೂಪದ ಬಿರುಗಾಳಿಯ ಲೆಕ್ಕ. ದಿನನಿತ್ಯದ ಮಳೆಗೆ ಅಷ್ಟು ಬೇಡ. ಆದರೆ ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಸೀಮೆಯಲ್ಲಿ, ಪಶ್ಚಿಮಕ್ಕೆ ತೆರೆದ ದಿಣ್ಣೆಯ ಮೇಲೆ, ನೆಲದ ಸಮಕ್ಕೆ ಹಳಿ ಕೂರಿಸುವುದೆಂದರೆ ನೀರನ್ನು ಮನೆಗೆ ಕರೆದಂತೆ. ಚಿತ್ರಗಳಲ್ಲಿ ಕಾಣುವ ನೆಲಸಮ ಹಳಿಯ ಮುಂದೆ ಸಾಮಾನ್ಯವಾಗಿ ಜಾಲರಿ ಮುಚ್ಚಿದ ಆಳವಾದ ಕಾಲುವೆ ಇರುತ್ತದೆ. ನಮ್ಮಲ್ಲಿ ಆ ಕಾಲುವೆ ತರಗೆಲೆಯಿಂದ ತುಂಬಲು ಒಂದು ರಾತ್ರಿ ಸಾಕು.

ಹಳಿಯ ಹೊರಗಡೆ ಸಣ್ಣ ಸಣ್ಣ ತೂತುಗಳಿರುತ್ತವೆ, ಒಳಗೆ ಸೇರಿದ ನೀರು ಹೊರಹೋಗಲು. ಅವುಗಳ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. “ಎಷ್ಟು ಸಿಲಿಕಾನ್ ಅಂಟು ಹಾಕಿದರೂ ಸೋರುವುದು ನಿಲ್ಲುತ್ತಿಲ್ಲ” ಎಂದು ಒಬ್ಬರು ಕರೆಸಿದ್ದರು. ಹೋಗಿ ಮಂಡಿಯೂರಿ ನೋಡಿದರೆ ಆ ತೂತುಗಳಿಗೇ ಸಿಲಿಕಾನ್ ಮೆತ್ತಿದ್ದರು. ಜೇಬಿನಲ್ಲಿದ್ದ ಕೀಲಿಯಿಂದ ಒಂದನ್ನು ಕೆರೆದೆ. ಕಂದು ಬಣ್ಣದ ನೀರು ಚಿಲ್ಲನೆ ನನ್ನ ಅಂಗೈ ಮೇಲೆ ಹಾರಿತು, ಹಿಂದೆಯೇ ಎರಡು ಸತ್ತ ಇರುವೆಗಳು. ಎಲ್ಲವನ್ನೂ ಬಿಡಿಸಿದ ಮೇಲೆ ಹಾಲ್ ಒಣಗಿತು. ರೋಹಿಣಿ ಮಳೆಗೆ ಮುಂಚೆ ಹಳಿಯನ್ನು ಗುಡಿಸಿ, ಆ ತೂತುಗಳಿಗೆ ಹಿಡಿಕಡ್ಡಿ ಆಡಿಸಿ ಒಂದು ಚೊಂಬು ನೀರು ಹೊಯ್ದು ನೋಡುವ ರೂಢಿ ಮಾಡಿಕೊಳ್ಳಿ.

ಹಾಗಾದರೆ ಅಮ್ಮ? ನಿಮ್ಮ ಹಟ ನ್ಯಾಯವಾದದ್ದು, ಅದನ್ನು ಬಿಡಬೇಡಿ. ಆದರೆ ಅಮ್ಮ ಓಡಾಡಬೇಕಾದ ದಾರಿಯನ್ನೂ ಮಳೆಯನ್ನು ತಡೆಯಬೇಕಾದ ಗಾಜನ್ನೂ ಒಂದೇ ಚೌಕಟ್ಟಿನಲ್ಲಿ ತುರುಕಬೇಡಿ. ನಾನಾದರೆ ಹೀಗೆ ಮಾಡುತ್ತೇನೆ. 16 ಅಡಿಯಲ್ಲಿ ಒಂದು ತುದಿಗೆ ಮೂರೂವರೆ ಅಡಿಯ ಸಾಮಾನ್ಯ ಮರದ ಬಾಗಿಲು ಇಡುತ್ತೇನೆ, ಅದರ ಪಕ್ಕ ಅರ್ಧ ಅಡಿಯ ಕಂಬ ಎಬ್ಬಿಸುತ್ತೇನೆ, ಉಳಿದ 12 ಅಡಿಗೆ ಮಾತ್ರ ಗಾಜು. ಮರದ ಬಾಗಿಲಿನ ಹೊಸ್ತಿಲು 12 ಮಿಲಿಮೀಟರ್‌ಗಿಂತ ಎತ್ತರವಿರದೆ, ಎರಡೂ ಕಡೆ ಇಳಿಜಾರಾಗಿದ್ದರೆ ವಾಕರ್ ಸಲೀಸಾಗಿ ದಾಟುತ್ತದೆ. ಗಾಜಿನ ಹಳಿಯ ಒಳ ಅಂಚು 50 ಮಿಲಿಮೀಟರ್ ಎತ್ತರ ನಿಲ್ಲಲಿ. ಅಮ್ಮನಿಗೆ ಇನ್ನೊಂದು ಅನುಕೂಲವೂ ಇದೆ. ದೊಡ್ಡ ಸ್ಲೈಡಿಂಗ್ ಕದವನ್ನು ನಿಂತಲ್ಲಿಂದ ಅಲುಗಿಸಲು ಒಂದು ದೂಡು ಬೇಕು, ವಾಕರ್ ಹಿಡಿದವರಿಗೆ ಅದು ಸುಲಭವಲ್ಲ. ಫೋಲ್ಡಿಂಗ್‌ನಲ್ಲಿ ಒಂದು ಕದವನ್ನು ದಿನಬಳಕೆಯ ಬಾಗಿಲಾಗಿ ತೆರೆಯುವ ವ್ಯವಸ್ಥೆ ಇರುತ್ತದೆ, ಆ ಮಟ್ಟಿಗೆ ಅದೇ ಮೇಲು. ಆದರೆ ಅಲ್ಲೂ ಹಳಿ ದಾಟಲೇಬೇಕು. ಮರದ ಬಾಗಿಲಿಗೆ ಆ ತೊಡಕಿಲ್ಲ.

ನಡುವೆ ಬಂದ ಆ ಕಂಬ ಬೀಮ್‌ಗೂ ದೊಡ್ಡ ಉಪಕಾರ. ಒಂದೇ ಬಗೆಯ ಭಾರ, ಒಂದೇ ಗಾತ್ರದ ಬೀಮ್ ಎಂದಿಟ್ಟುಕೊಂಡರೆ, ಉದ್ದ 16 ಅಡಿಯಿಂದ 12ಕ್ಕೆ ಇಳಿದಾಗ ಅದರ ಬಾಗು ಮೂರನೇ ಒಂದು ಭಾಗಕ್ಕೂ ಕಡಿಮೆಯಾಗುತ್ತದೆ. ಕಣಿವೆಯ ನೋಟದಲ್ಲಿ ಅರ್ಧ ಅಡಿ ಕಂಬ ಅಡ್ಡ ಬರುವುದಕ್ಕೆ ಮಗ ಬೇಸರಿಸಬಹುದು. ಈ ಲೆಕ್ಕ ತೋರಿಸಿ.

ಎರಡು ಅಡಿಯ ಸೂರಿನ ವಿಷಯ. ಗಾಳಿ ಬೀಸಿದಾಗ ಮಳೆ 45 ಡಿಗ್ರಿ ಓರೆಯಾಗಿ ಬಂದರೆ ಎರಡು ಅಡಿ ಚಾಚಿದ ಸೂರು ಗಾಜಿನ ಮೇಲಿನ ಎರಡು ಅಡಿಯನ್ನಷ್ಟೇ ಕಾಯುತ್ತದೆ. ಉಳಿದ ಆರು ಅಡಿಗೆ ಇರಚಲು ನೇರ ಹೊಡೆಯುತ್ತದೆ. ನಮ್ಮ ಹಿರಿಯರು ಜಗಲಿಯನ್ನು ಅಗಲವಾಗಿ ಕಟ್ಟಿ, ಮಾಡನ್ನು ತಗ್ಗಿಸಿ, ಅದೂ ಸಾಲದೆಂದು ಮಳೆಗಾಲದಲ್ಲಿ ಸೋಗೆಯ ತಟ್ಟಿ ಕಟ್ಟುತ್ತಿದ್ದುದು ಇದಕ್ಕೇ. ದುಡ್ಡು ಎಲ್ಲಿ ಹಾಕಬೇಕು ಎಂದು ಕೇಳಿದರೆ, ದುಬಾರಿ ಬಾಗಿಲಿಗಿಂತ ಮೊದಲು ಆರೇಳು ಅಡಿ ಅಗಲದ ಹೆಂಚಿನ ಜಗಲಿಗೆ ಹಾಕಿ ಎನ್ನುತ್ತೇನೆ. ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಜಗಲಿಯ ನೆಲ ಹಾಲ್‌ನ ನೆಲಕ್ಕಿಂತ ತುಸು ತಗ್ಗಿದ್ದು ಹೊರಗೆ ಇಳಿಜಾರಾಗಿರಲಿ. ಅಮ್ಮನ ಬಾಗಿಲಿನ ಮುಂದೆ ಮಾತ್ರ ಅದನ್ನು ಸಣ್ಣ ಇಳಿಜಾರಿನಿಂದ ಕೂಡಿಸಿ. ಸಂಜೆಯ ಬಿಸಿಲಿಗೂ ಇದೇ ಮದ್ದು, ಸ್ವಲ್ಪ ಮಟ್ಟಿಗೆ. ಸೂರ್ಯ ತೀರ ಕೆಳಗಿಳಿದ ಮೇಲೆ ಬರುವ ಬಿಸಿಲಿಗೆ ಜಗಲಿಯ ಅಂಚಿನಲ್ಲಿ ಬಿದಿರಿನ ಪರದೆ ಇಳಿಬಿಡಬೇಕು. ಗಾಜು ದಪ್ಪವಾದಷ್ಟೂ ಸೆಕೆ ಕಡಿಮೆ ಎಂದು ಕೆಲವರು ನಂಬಿಸುತ್ತಾರೆ. ತಿಳಿ ಗಾಜಿನ ದಪ್ಪ ಆರರಿಂದ ಹತ್ತು ಮಿಲಿಮೀಟರ್ ಆದರೆ ಒಳಬರುವ ಬಿಸಿಲಿನಲ್ಲಿ ಗಮನಾರ್ಹ ವ್ಯತ್ಯಾಸವಾಗುವುದಿಲ್ಲ.

“ಪೂರ್ತಿ ತೆರೆಯಬಹುದು” ಎಂಬ ಮಗನ ಮಾತನ್ನೂ ಅಳೆದು ನೋಡೋಣ. 12 ಅಡಿಗೆ ಮೂರು ಹಳಿಯ ಮೇಲೆ ಮೂರು ಸ್ಲೈಡಿಂಗ್ ಕದ ಇಟ್ಟರೆ ಎಂಟು ಅಡಿ ತೆರೆಯುತ್ತದೆ. ಫೋಲ್ಡಿಂಗ್ ಆದರೆ ಮಡಚಿ ನಿಂತ ಕದಗಳ ಜಾಗ ಕಳೆದು ಸುಮಾರು ಹನ್ನೊಂದು ಅಡಿ. ಹೆಚ್ಚುವರಿ ಸಿಗುವುದು ಮೂರು ಅಡಿ. ಅದಕ್ಕೆ ಪ್ರತಿಯಾಗಿ ಕೀಲು, ಚಕ್ರ, ಗ್ಯಾಸ್ಕೆಟ್ ಎಲ್ಲವೂ ಹೆಚ್ಚು, ಮುಚ್ಚಿದಾಗ ನೋಟಕ್ಕೆ ಅಡ್ಡ ಬರುವ ಚೌಕಟ್ಟಿನ ಗೆರೆಗಳೂ ಹೆಚ್ಚು. ನಿಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಬಾಗಿಲು ಬಹುಪಾಲು ಮುಚ್ಚಿಯೇ ಇರುತ್ತದೆ. ಮುಚ್ಚಿದಾಗ ಹೇಗೆ ಕಾಣುತ್ತದೆ ಎನ್ನುವುದು ತೆರೆದಾಗಿನಷ್ಟೇ ಮುಖ್ಯ. ಗಾಳಿಗಾಗಿ ಅಗಲ ಬೇಕೆಂದರೆ ಪೂರ್ವದ ಗೋಡೆ ನೋಡಿ. ಅಲ್ಲಿ ಗಾಳಿ ಹೊರಹೋಗಲು ಕಿಟಕಿ ಇಲ್ಲದಿದ್ದರೆ ಪಶ್ಚಿಮವನ್ನು ಎಷ್ಟು ತೆರೆದರೂ ಹಾಲ್‌ನಲ್ಲಿ ಗಾಳಿ ಆಡುವುದಿಲ್ಲ.

ಸೊಳ್ಳೆ ಮತ್ತು ಮಂಗ ಸ್ಲೈಡಿಂಗ್ ಪರವಾಗಿ ಸಾಕ್ಷಿ ಹೇಳುತ್ತವೆ. ಸ್ಲೈಡಿಂಗ್‌ಗೆ ಇನ್ನೊಂದು ಹಳಿ ಸೇರಿಸಿ ಜಾಲರಿಯ ಕದ ಕೂರಿಸಬಹುದು. ಮುಸ್ಸಂಜೆ ಒಂದು ಗಾಜಿನ ಕದ ಸರಿಸಿ, ಆ ಜಾಗಕ್ಕೆ ಜಾಲರಿ ಎಳೆದರೆ ಮುಗಿಯಿತು. ಜಾಲರಿ ಸ್ಟೀಲಿನದ್ದೇ ಆಗಿರಲಿ, ನೂಲಿನಂಥದ್ದನ್ನು ಮಂಗ ಒಂದೇ ಎಳೆತಕ್ಕೆ ಹರಿಯುತ್ತದೆ. ಫೋಲ್ಡಿಂಗ್‌ಗೆ ಸಿಗುವುದು ನೆರಿಗೆಯಂತೆ ಮಡಚುವ ಪರದೆ. ಅದು ನಾಜೂಕು, ನಿಮ್ಮ ತೋಟದ ಮಂಗಗಳ ಮುಂದೆ ಬಾಳದು. ಎದುರಿಗೆ ಕಾಡಿರುವುದರಿಂದ ಗಾಜಿನಲ್ಲಿ ಮರಗಳ ಪ್ರತಿಬಿಂಬ ಕಂಡು ಹಕ್ಕಿಗಳು ಬಂದು ಬಡಿಯುವುದೂ ಉಂಟು. ಜಗಲಿಯ ನೆರಳು ಆ ಪ್ರತಿಬಿಂಬವನ್ನು ಎಷ್ಟೋ ತಗ್ಗಿಸುತ್ತದೆ. ಅಷ್ಟಾದರೂ ಆ ಜೀವಗಳಿಗೆ ನಾವು ಮಾಡಬೇಕು.

ಒಡೆಯುವ ಭಯ ಇದ್ದೇ ಇರುತ್ತದೆ, ಇರಬೇಕು ಕೂಡ. ಟಫನ್ಡ್ ಗಾಜು ಒಡೆಯುವುದೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದನ್ನು 600 ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕಾಯಿಸಿ ಒಮ್ಮೆಲೇ ತಣಿಸಿರುತ್ತಾರೆ, ಹಾಗಾಗಿ ಸಾಮಾನ್ಯ ಗಾಜಿಗಿಂತ ಬಹಳ ಗಟ್ಟಿ. ಆದರೆ ಅಂಚಿಗೆ ಪೆಟ್ಟು ಬಿದ್ದರೆ ಇಡೀ ಹಾಳೆ ಸಣ್ಣ ಹರಳುಗಳಾಗಿ ಸುರಿಯುತ್ತದೆ. ಗಾಜಿನೊಳಗೆ ಉಳಿದ ನಿಕ್ಕಲ್ ಸಲ್ಫೈಡ್‌ನ ಸೂಕ್ಷ್ಮ ಕಣದಿಂದ, ಯಾರೂ ಮುಟ್ಟದೆಯೂ ಅಪರೂಪಕ್ಕೆ ಒಡೆಯುತ್ತದೆ. ಹರಳು ಚೂರಿಯಂತೆ ಕೊಯ್ಯುವುದಿಲ್ಲ, ಆದರೆ ಒಡೆದ ಕ್ಷಣದಿಂದ ಗೋಡೆಯೇ ಇಲ್ಲ. ನಿಮಗೆ ಬೇಕಾದದ್ದು ಐದೈದು ಮಿಲಿಮೀಟರ್‌ನ ಎರಡು ಟಫನ್ಡ್ ಹಾಳೆಗಳ ನಡುವೆ ಅಂಟು ಪದರವಿರುವ ಲ್ಯಾಮಿನೇಟೆಡ್ ಗಾಜು. ಒಂದು ಹಾಳೆ ಒಡೆದರೆ ಚೂರುಗಳು ಪದರಕ್ಕೆ ಅಂಟಿಕೊಳ್ಳುತ್ತವೆ, ಇನ್ನೊಂದು ಹಾಳೆ ಅವನ್ನು ನಿಲ್ಲಿಸಿಕೊಳ್ಳುತ್ತದೆ. ಹೊಸ ಗಾಜು ಬರುವವರೆಗೆ ಮಳೆಯೂ ಮಂಗವೂ ಹೊರಗೇ. ಕಳ್ಳನಿಗೂ ಅದನ್ನು ತೂರಿಕೊಂಡು ಬರಲು ಹೊತ್ತು ಹಿಡಿಯುತ್ತದೆ. ಭಾರ ಚದರ ಮೀಟರಿಗೆ 25 ಕಿಲೋ, ನಿಮ್ಮ ನಾಲ್ಕು ಅಡಿಯ ಒಂದು ಕದಕ್ಕೆ ಗಾಜೇ ಸುಮಾರು 75 ಕಿಲೋ. ಚೌಕಟ್ಟು ಸೇರಿದರೆ ಇನ್ನೂ ಹೆಚ್ಚು. ಚಕ್ರಗಳು ಅಷ್ಟು ಹೊರುತ್ತವೆಯೇ ಎಂದು ಬರವಣಿಗೆಯಲ್ಲಿ ಪಡೆಯಿರಿ. ಸ್ಕ್ರೂಗಳೆಲ್ಲ ಸ್ಟೇನ್‌ಲೆಸ್ ಆಗಿರಲಿ. ನಿಮ್ಮ ಕಡೆಗೆ 304 ದರ್ಜೆ ಸಾಕು, ಕುಂದಾಪುರ, ಕಾರವಾರದಂತೆ ಉಪ್ಪುಗಾಳಿ ಇರುವಲ್ಲಿ 316 ಬೇಕಾಗುತ್ತದೆ.

ಆದ್ದರಿಂದ ನನ್ನ ಸಲಹೆ ಇದು. ಜಗಲಿ ಕಟ್ಟಿ, ಅಮ್ಮನಿಗೆ ಮರದ ಬಾಗಿಲು ಬೇರೆ ಮಾಡಿ, ಉಳಿದ 12 ಅಡಿಗೆ ಮೂರು ಹಳಿಯ ಸ್ಲೈಡಿಂಗ್ ಹಾಕಿಸಿ, ಜಾಲರಿಗೆ ಮತ್ತೊಂದು ಹಳಿ. ಕೈಯಲ್ಲಿ ದುಡ್ಡಿದ್ದರೆ ಎದ್ದು ಜಾರುವ ಬಗೆ, ಇಲ್ಲವಾದರೆ ಜಗಲಿಯ ಮರೆಯಲ್ಲಿ ಸಾಮಾನ್ಯದ್ದೂ ನಡೆಯುತ್ತದೆ. ಮಗನಿಗೆ ಫೋಲ್ಡಿಂಗ್ ಮೇಲೆಯೇ ಮನಸ್ಸಿದ್ದರೆ ಅದನ್ನು ತಪ್ಪೆನ್ನಲಾರೆ. ಆದರೆ ಜಗಲಿ ಆರು ಅಡಿಗಿಂತ ಕಡಿಮೆಯಾದರೆ ಬೇಡ, ಬೀಮ್ ಬಿಗಿಗೊಳಿಸದಿದ್ದರೆ ಖಂಡಿತ ಬೇಡ. ಮಕ್ಕಳು ಬಂದಾಗ ಮಡಚುವ ಸಂದಿಗೆ ಬೆರಳು ಕೊಡದಂತೆ ಕಣ್ಣಿಡಬೇಕು.

ಕೊನೆಯ ಕಂತಿನ ಹಣ ಕೊಡುವ ಮೊದಲು ಎರಡು ಪರೀಕ್ಷೆ ಮಾಡಿ. ಕದ ಮುಚ್ಚಿ ಹೊರಗಿನಿಂದ ತೋಟದ ಪೈಪಿನಲ್ಲಿ ಕಾಲು ಗಂಟೆ ನೀರು ಹಾಯಿಸಿ, ಕೆಳಗಿನಿಂದ ಶುರುಮಾಡಿ ನಿಧಾನವಾಗಿ ಮೇಲಕ್ಕೆ. ಆಗ ಎಲ್ಲಿಂದ ಸೋರುತ್ತದೆ ಎಂದು ಸರಿಯಾಗಿ ಗೊತ್ತಾಗುತ್ತದೆ. ಎದ್ದು ಜಾರುವ ಸ್ಲೈಡಿಂಗ್ ಅಥವಾ ಫೋಲ್ಡಿಂಗ್ ಆದರೆ ಗ್ಯಾಸ್ಕೆಟ್ ಸಂದಿಯಲ್ಲಿ ಪತ್ರಿಕೆಯ ಹಾಳೆಯ ಒಂದು ಪಟ್ಟಿ ಇಟ್ಟು ಹಿಡಿ ತಿರುಗಿಸಿ ಎಳೆಯಿರಿ. ಸಲೀಸಾಗಿ ಬಂದರೆ ಅಲ್ಲಿ ಒತ್ತು ಇಲ್ಲ.

ಬೀಮ್ ಹಾಕಿದ ಮೇಲೆ ಅಡಿಯ ಆಧಾರಗಳನ್ನು 14 ದಿನಕ್ಕೆ ಮುಂಚೆ ತೆಗೆಯಲು ಬಿಡಬೇಡಿ. ಸೆಂಟ್ರಿಂಗ್‌ನವರು ಇನ್ನೊಂದು ಕೆಲಸಕ್ಕೆ ಬೇಕೆಂದು ಅವಸರಿಸುತ್ತಾರೆ, ನೀವು ಒಪ್ಪಬೇಡಿ. ಟಫನ್ಡ್ ಗಾಜನ್ನು ಆಮೇಲೆ ಕತ್ತರಿಸಲು ಬರುವುದಿಲ್ಲ. ಮಾಡಿಗೆ ಹೆಂಚು ಹೊದಿಸಿ, ಗಿಲಾವು ಮುಗಿದು, ಭಾರವೆಲ್ಲ ಬೀಮ್ ಮೇಲೆ ಕೂತ ಮೇಲೆಯೇ ಗಾಜಿನ ಅಳತೆ ತೆಗೆಸಿ. ಎರಡು ತುದಿಯಲ್ಲಿ ಮಾತ್ರವಲ್ಲ, ನಡುವಿನಲ್ಲೂ.